ಕ್ಯೋಟೊದಿಂದ ತಂದ ಮೂರು ಚೀಟಿಗಳು

ಮೊನ್ನೆ ಟಕ್ವಿಲಾ ಎಂಬ ಪಕ್ಕದೂರಿನ ಮಾಲಿನ ಹಿಂಬದಿಯಲ್ಲಿರುವ ಏಷ್ಯನ್ ಅಂಗಡಿಗೆ ಅಕ್ಕಿ ತರಲು ಹೋಗಿದ್ದೆ. ಆರು ವರ್ಷದ ಮಗಳು ಕಾರ್ಟಿನೊಳಗೆ ಕೂತು ಕಾಲಾಡಿಸುತ್ತಿದ್ದಳು. ಸಾಸ್ ಬಾಟಲಿಗಳ ಸಾಲು ದಾಟಿ ತಿರುಗಿದರೆ ಅಲ್ಲಿ ಯಾರೋ ಜಪಾನಿನ ಊದುಬತ್ತಿಯೊಂದನ್ನು ಹಚ್ಚಿಟ್ಟಿದ್ದರು. ನಮ್ಮ ಊದುಬತ್ತಿಗಳ ಹಾಗೆ ಮಲ್ಲಿಗೆ, ಕೇದಗೆ ಎಂದು ಮೂಗಿಗೆ ನುಗ್ಗುವ ವಾಸನೆಯಲ್ಲ ಅದು. ಒಣಮರದ ವಾಸನೆ. ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆ ತೆರೆದಾಗ ಬರುವಂಥದ್ದು. ನಿಂತಲ್ಲೇ ನಿಂತುಬಿಟ್ಟೆ. ಮಗಳು ಅಂಗಿ ಹಿಡಿದೆಳೆದು, "ಅಮ್ಮಾ, ವೈ ಆರ್ ಯು ಕ್ರೈಯಿಂಗ್?" ಎಂದು ಕೇಳಿದಾಗಲೇ ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು. ಏನೋ ಸಬೂಬು ಹೇಳಿ, ಅಕ್ಕಿಯನ್ನು ಅಲ್ಲೇ ಮರೆತು ಮನೆಗೆ ಬಂದೆ. ಆ ವಾಸನೆಯ ಹಿಂದಿರುವುದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ, ಗಂಡನಿಗೂ. ಅವನಿಗಂತೂ ಹೇಳುವ ಹಾಗೇ ಇಲ್ಲ.

ಎರಡು ಸಾವಿರದ ಎರಡನೇ ಇಸವಿಯ ಮಾತು. ನಾವಾಗ ನಾರ್ತ್ ಕ್ರೀಕ್‌ನ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೆವು. ಹಿಂದೆ ಒಂದು ಪಟ್ಟಿ ಕಾಡು, ಅದರೊಳಗೆ ತೊರೆ, ತೊರೆಯಾಚೆ ಸದಾ ಮೊರೆಯುವ ಹೆದ್ದಾರಿ. ನಾನು ಹತ್ತಿರದ ಆಫೀಸೊಂದರಲ್ಲಿ ಟೆಸ್ಟರ್ ಆಗಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಕೆಲಸ. ಕಣ್ಣಿಗೆ ಕಾಣದ್ದನ್ನು ನಂಬುವವಳು ನಾನಲ್ಲ ಎಂಬ ಜಂಬ ಬೇರೆ. ಆದರೆ ಆ ವರ್ಷ ಜಂಬವೆಲ್ಲ ಬಾಲ ಮುದುರಿಕೊಂಡಿತ್ತು. ಅದಕ್ಕೆ ಮೊದಲು ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಮೂರನೆಯದು ನಾಲ್ಕು ತಿಂಗಳು ದಾಟಿತ್ತು. ಇದೊಂದು ಉಳಿದರೆ ಸಾಕು, ಇನ್ನೇನೂ ಕೇಳುವುದಿಲ್ಲ ಎಂದು ನಂಬದ ದೇವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ.

ಮೈದುನನ ಮದುವೆಗೆಂದು ಮೈಸೂರಿಗೆ ಹೋಗಿದ್ದ ನಾವು ವಾಪಸು ಬರುವಾಗ ಅತ್ತೆಯನ್ನೂ ಜೊತೆಗೆ ಹೊರಡಿಸಿಕೊಂಡೆವು, ಬಾಣಂತನಕ್ಕೆ. ನನ್ನ ಅಮ್ಮ ಬಹಳ ಹಿಂದೆಯೇ ತೀರಿಕೊಂಡಿದ್ದಳು. ಅತ್ತೆಯ ಹೆಸರು ಜಯಮ್ಮ. ಅರವತ್ತೊಂದು ವರ್ಷ, ಒಂದು ಮಾತ್ರೆಯ ಹಂಗಿಲ್ಲದ ಗಟ್ಟಿ ದೇಹ. ದಾರಿಯಲ್ಲಿ ಗಂಡ ಶ್ರೀಧರನಿಗೆ ಒಸಾಕಾದಲ್ಲಿ ಎರಡು ದಿನ ಆಫೀಸಿನ ಕೆಲಸವಿತ್ತು. ಅದು ಮುಗಿದ ಮೇಲೆ ಒಂದು ಭಾನುವಾರ ಉಳಿಯಿತು. ಬರೀ ದೇವಸ್ಥಾನಗಳೇ ತುಂಬಿದ ಊರೊಂದು ಹತ್ತಿರದಲ್ಲಿದೆ ಎಂದು ಕೇಳಿದ್ದೇ ತಡ, ಅತ್ತೆ ಬೆಳಿಗ್ಗೆ ಆರಕ್ಕೆ ಸ್ನಾನ ಮಾಡಿ, ಮದುವೆಯಲ್ಲಿ ಉಟ್ಟ ರೇಷ್ಮೆ ಸೀರೆಯನ್ನೇ ಉಟ್ಟು, ಹೊಟೇಲಿನ ಬಾಗಿಲಲ್ಲಿ ನಿಂತಿದ್ದರು.

ಹೀಗೆ ನಾವು ಕ್ಯೋಟೊ ನೋಡಿದ್ದು. ಸೆಪ್ಟೆಂಬರಿನ ಮೊದಲ ವಾರ, ಮೋಡ ಕವಿದ ಸೆಕೆ. ಮರಗಳಲ್ಲಿ ಜೀರುಂಡೆಗಳು ಒಂದೇ ಸಮ ಕಿರುಚಿ, ಯಾರೋ ಗದರಿದಂತೆ ಒಟ್ಟಿಗೆ ಸುಮ್ಮನಾಗುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಮೂರು ದೇವಸ್ಥಾನಗಳಾಗಿದ್ದವು. ಎಲ್ಲ ಕಡೆಯೂ ಅದೇ ಒಣಮರದ ಧೂಪ, ಎಲ್ಲ ಕಡೆಯೂ ಅತ್ತೆಯ ಅಡ್ಡಬೀಳುವಿಕೆ. ಮೂರ್ತಿ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದೂ ಇರಲಿಲ್ಲ. ನಾನೂ ಒಂದು ಕಟ್ಟು ಊದುಬತ್ತಿ ಕೊಂಡು ಪರ್ಸಿಗೆ ಹಾಕಿಕೊಂಡೆ.

ಕೊನೆಗೆ ಹೋದದ್ದು ಒಂದು ಗುಡ್ಡದ ಬುಡದ ಗುಡಿಗೆ. ಅಲ್ಲಿ ಕೆಂಪು ಬಣ್ಣದ ಮರದ ಕಮಾನುಗಳು ಒಂದಕ್ಕೊಂದು ತಾಗುವಷ್ಟು ಒತ್ತಾಗಿ ಗುಡ್ಡವೇರುತ್ತ ಹೋಗಿದ್ದವು. ಅಲ್ಲಲ್ಲಿ ಕಲ್ಲಿನ ನರಿಗಳು, ಕೊರಳಿಗೆ ಕೆಂಪು ಬಟ್ಟೆ. ಅತ್ತೆಯ ಸಂಭ್ರಮ ಹೇಳತೀರದು. ನಮ್ಮಲ್ಲಿ ಒಳ್ಳೆಯದಾದರೆ ಬೆಳಿಗ್ಗೆ ನರಿಯ ಮುಖ ನೋಡಿ ಎದ್ದಿದ್ದೆಯಾ ಎಂದು ಕೇಳುವುದುಂಟಲ್ಲ. ಇಲ್ಲಿ ಒಂದಲ್ಲ, ನೂರಾರು ನರಿಗಳು. ಈ ಬಸಿರು ನಿಂತೇ ನಿಲ್ಲುತ್ತದೆ ಎಂದು ಅವರು ಅಲ್ಲೇ ತೀರ್ಮಾನಿಸಿದರು.

ಅವರಿಬ್ಬರೂ ಕಮಾನುಗಳ ನಡುವೆ ಮುಂದೆ ಹೋದರು. ನಾನು ಏದುಸಿರು ಬಿಡುತ್ತ ಹಿಂದುಳಿದೆ. ಒಳಗೆ ಬೆಳಕು ಕೆಂಪಗೆ, ಮಂದವಾಗಿತ್ತು. ಬೆನ್ನ ಹಿಂದಿನಿಂದ ಯಾರೋ "ಸುಮಾ" ಎಂದರು. ಸ್ಪಷ್ಟವಾಗಿ, ಮನೆಯವರು ಕರೆದ ಹಾಗೆ. ಆಂ ಎಂದು ತಿರುಗಿದೆ. ಯಾರೂ ಇರಲಿಲ್ಲ. ಜೀರುಂಡೆಗಳು ಸುಮ್ಮನಾಗಿದ್ದವು. ಮುಂದೆ ಹೋಗಿದ್ದ ಅತ್ತೆ ಸರಸರ ಇಳಿದು ಬಂದು ನನ್ನ ರಟ್ಟೆ ಹಿಡಿದರು. ಯಾರು ಕರೆದರೆಂದು ನೋಡದೆ, ಮೂರು ಸಲ ಕರೆಯುವವರೆಗೆ ಕಾಯದೆ ಓಗೊಡಬಾರದೆಂದು ಬಸುರಿಗೆ ಗೊತ್ತಿರಬೇಡವೇ ಎಂದು ಬೈದರು. ಶ್ರೀಧರ ನಕ್ಕ. ನಾನೂ ನಕ್ಕೆ, ಆದರೆ ಅಲ್ಲಿಂದ ಮುಂದಕ್ಕೆ ಏರಲಿಲ್ಲ.

ಗುಡಿಯ ಅಂಗಳದಲ್ಲಿ ಒಂದು ಡಬ್ಬ ಅಲುಗಾಡಿಸಿ ಕಡ್ಡಿ ಬೀಳಿಸುವ ಪದ್ಧತಿಯಿತ್ತು. ಕಡ್ಡಿಯ ಮೇಲಿನ ಅಂಕಿ ನೋಡಿ, ಬಿಳಿ ಮೇಲಂಗಿ ಕೆಂಪು ಲಂಗದ ಹುಡುಗಿಯೊಬ್ಬಳು ಜಪಾನೀ ಬರಹದ ಒಂದು ಚೀಟಿ ಕೊಡುತ್ತಿದ್ದಳು. ಮೂವರೂ ಒಂದೊಂದು ಪಡೆದೆವು. ನನ್ನದನ್ನು ಕೊಡುವಾಗ ಆ ಹುಡುಗಿ ಸ್ವಲ್ಪ ತಡೆದಳು. ಆಮೇಲೆ ಪಕ್ಕದಲ್ಲಿದ್ದ ತಂತಿಗಳತ್ತ ಕೈ ತೋರಿಸಿದಳು. ಅಲ್ಲಿ ನೂರಾರು ಚೀಟಿಗಳನ್ನು ಮಡಿಸಿ ಗಂಟು ಹಾಕಿದ್ದರು. ಅತ್ತೆಗೆ ತಕ್ಷಣ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ನಾವು ಅಂದುಕೊಂಡೆವು.

"ಅದು ಹರಕೆ ಕಟ್ಕೊಳ್ಳೋರಿಗೆ ಕಣೇ. ನಮ್ದು ಪ್ರಸಾದ. ದೇವರು ಕೈಗೆ ಕೊಟ್ಟಿದ್ದನ್ನ ಯಾರಾದ್ರೂ ಅಲ್ಲೇ ಬಿಟ್ಟು ಹೋಗ್ತಾರಾ?"

ಹುಡುಗಿ ನಾಲ್ಕು ಹೆಜ್ಜೆ ನಮ್ಮ ಹಿಂದೆ ಬಂದಳು, ಮತ್ತೆ ತಂತಿಯತ್ತ ತೋರಿಸಿದಳು. ಪಾಪ, ದಕ್ಷಿಣೆ ಕೇಳಲು ನಾಚಿಕೆ ಎಂದು ಅತ್ತೆ ಅವಳ ಅಂಗೈಯಲ್ಲಿ ಒಂದು ನಾಣ್ಯವಿಟ್ಟು ಗಲ್ಲ ಸವರಿದರು. ನಾವು ರಸ್ತೆಗಿಳಿದು ತಿರುಗಿ ನೋಡಿದಾಗಲೂ ಅವಳು ಆ ನಾಣ್ಯವನ್ನು ಹಾಗೇ ಹಿಡಿದು ನಿಂತಿದ್ದಳು. ಬಸ್ಸಿನಲ್ಲಿ ಶ್ರೀಧರ ಹೊಟೇಲಿನ ಫೋನ್ ನಂಬರು ಬರೆದುಕೋ ಎಂದ. ಕೈಗೆ ಸಿಕ್ಕಿದ ನನ್ನ ಚೀಟಿಯ ಬೆನ್ನ ಮೇಲೆಯೇ ಪೆನ್ನಿನಿಂದ ಗೀಚಿಕೊಂಡೆ. ಪ್ರಸಾದದ ಮೇಲೆ ಬರೆಯುತ್ತಾರೆಯೇ ಎಂದು ಅತ್ತೆಯಿಂದ ಇನ್ನೊಂದು ಸಲ ಬೈಸಿಕೊಂಡೆ.

ನಾರ್ತ್ ಕ್ರೀಕ್‌ನ ಮನೆಯಲ್ಲಿ ಟವೆಲ್ ಇಡುವ ಕಪಾಟೇ ನಮ್ಮ ದೇವರ ಮನೆ. ಅತ್ತೆ ಮೂರು ಚೀಟಿಗಳನ್ನು ಅಲ್ಲಿ ಸಾಲಾಗಿಟ್ಟು, ಪ್ರತಿಯೊಂದಕ್ಕೂ ಕುಂಕುಮ ಹಚ್ಚಿ, ದಿನಾ ಹೂವಿಡತೊಡಗಿದರು. ಆಫೀಸಿಗೆ ಹೊರಡುವ ಮುಂಚೆ ನಾನು ಅವಕ್ಕೆ ಕೈಮುಗಿಯಬೇಕು. ಮುಗಿಯುತ್ತಿದ್ದೆ. ಎರಡು ವಾರವಾಗುವುದರೊಳಗೆ ರಕ್ತ ಕಾಣಿಸಿಕೊಂಡಿತು. ಡಾಕ್ಟರು ಸ್ಕ್ಯಾನ್ ಮಾಡಿ, ಮಾಸು ಗರ್ಭಕೋಶದ ಬಾಯಿಯ ಹತ್ತಿರ ಕೆಳಗೆ ಕೂತಿದೆ, ಕೆಲಸ ಬಿಟ್ಟು ಮಲಗಿ ಎಂದರು. ಮಲಗಿದೆ. ಅತ್ತೆ ಇನ್ನೊಂದು ದೀಪ ಹೆಚ್ಚಿಗೆ ಹಚ್ಚಿದರು. ಗಾಳಿಯಾಡದ ಆ ಕಪಾಟಿನಲ್ಲಿ ದೀಪ ಎಷ್ಟು ಹಚ್ಚಿದರೂ ಆರುತ್ತಿತ್ತು. ತಂದಿದ್ದ ಊದುಬತ್ತಿಯ ಕಟ್ಟು ಮುಗಿದು ಎಷ್ಟೋ ದಿನವಾದರೂ ಅದರ ವಾಸನೆ ಹೋಗಿರಲಿಲ್ಲ. ಬಾಗಿಲು ತೆರೆದರೆ ಟವೆಲುಗಳಿಂದಲೂ ಅದೇ ವಾಸನೆ.

ಅಕ್ಟೋಬರಿನಲ್ಲಿ ಹಿಂದಿನ ತೊರೆಗೆ ಸಾಲ್ಮನ್ ಮೀನುಗಳು ಬಂದವು. ಸಮುದ್ರದಿಂದ ಅಷ್ಟು ದೂರ ಪ್ರವಾಹಕ್ಕೆದುರಾಗಿ ಈಜಿ ಬಂದು, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತವೆ. ಸಂಜೆ ತಿರುಗಾಡಲು ಹೋಗಿದ್ದ ಅತ್ತೆ ಅದನ್ನು ನೋಡಿ ಬಂದು, ಕೈಕಾಲು ತೊಳೆದು ಕಪಾಟಿನ ಮುಂದೆ ಕೂತರು.

ನವರಾತ್ರಿಗೆ ಪುಸ್ತಕದ ಶೆಲ್ಫಿನಲ್ಲಿ ಗೊಂಬೆ ಕೂರಿಸಿದೆವು. ಮಲಗಿರಬೇಕಾದ ನಾನು ಸೋಫಾದಲ್ಲಿ ಒರಗಿಕೊಂಡೇ ಅರಿಶಿನ ಕುಂಕುಮಕ್ಕೆ ಬಂದವರನ್ನು ಮಾತಾಡಿಸುತ್ತಿದ್ದೆ. ಕೆಳಗಿನ ಮನೆಯಲ್ಲಿ ಮಿಚಿಕೊ ಎಂಬ ಜಪಾನೀ ಹೆಂಗಸಿದ್ದರು, ಎಪ್ಪತ್ತರ ಹತ್ತಿರದ ವಯಸ್ಸು, ಒಬ್ಬರೇ. ತಮ್ಮ ದೇಶದಲ್ಲೂ ಗೊಂಬೆ ಕೂರಿಸುವ ಹಬ್ಬವಿದೆ ಎಂದು ಯಾವಾಗಲೋ ಹೇಳಿದ್ದರು. ಅತ್ತೆ ಅವರನ್ನೂ ಕರೆಸಿದರು. ಒಂದು ಮಧ್ಯಾಹ್ನ ಬೇರೆ ಯಾರೂ ಇಲ್ಲದಾಗ ಬಂದರು. ಗೊಂಬೆ ನೋಡಲು ಬಂದವರಿಗೆ ಕೊಡುವ ಚರ್ಪು ತಿಂಡಿ ತಿಂದರು, ಗೊಂಬೆಗಳನ್ನು ಹೊಗಳಿದರು. ಅತ್ತೆಗೆ ಹುಮ್ಮಸ್ಸು ಬಂತು. ನಿಮ್ಮ ಊರಿನ ದೇವರ ಪ್ರಸಾದವೂ ನಮ್ಮಲ್ಲಿದೆ ಎಂದು ಕಪಾಟು ತೆರೆದು, ಮೂರೂ ಚೀಟಿಗಳನ್ನು ತಟ್ಟೆಯಲ್ಲಿ ತಂದು ಅವರ ಮುಂದೆ ಹಿಡಿದರು. ಏನು ಬರೆದಿದೆ ಎಂದು ಓದಿಸಲು ನನಗೆ ಹೇಳಿದರು.

ಕುಂಕುಮ ಹಚ್ಚಿದ ಚೀಟಿಗಳನ್ನು ನೋಡಿ ಮಿಚಿಕೊ ಮೊದಲು ನಕ್ಕರು. ಒಂದನ್ನು ಎತ್ತಿ ಓದಿ, ಸಣ್ಣ ಶುಭ ಎಂದರು. ಇನ್ನೊಂದು, ನಿಧಾನವಾಗಿ ಬರುವ ಶುಭ. ಮೂರನೆಯದನ್ನು ಎತ್ತಿಕೊಂಡವರು ಓದುತ್ತಲೇ ಹೋದರು. ತಟ್ಟೆಗೆ ವಾಪಸು ಹಾಕದೆ ಮೊಣಕಾಲ ಮೇಲಿಟ್ಟುಕೊಂಡರು. ಆಮೇಲೆ ನನಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ವಿವರಿಸಿದರು. ಇದು ಪ್ರಸಾದವಲ್ಲ, ಭವಿಷ್ಯ. ಒಳ್ಳೆಯದು ಬಂದರೆ ಜನ ಮನೆಗೆ ಒಯ್ಯುತ್ತಾರೆ. ಕೆಟ್ಟದ್ದು ಬಂದರೆ ಅಲ್ಲೇ ತಂತಿಗೆ ಕಟ್ಟಿ ಬರುತ್ತಾರೆ, ಅದು ದೇವರ ಹತ್ತಿರವೇ ಉಳಿಯಲಿ ಎಂದು. ಇದನ್ನು ತರಬಾರದಿತ್ತು. ಇದು ಎಲ್ಲಕ್ಕಿಂತ ಕೆಟ್ಟದ್ದು.

ಅವರ ಮೊಣಕಾಲ ಮೇಲಿದ್ದ ಚೀಟಿಯ ಬೆನ್ನಿನಲ್ಲಿ ಹೊಟೇಲಿನ ಫೋನ್ ನಂಬರಿತ್ತು, ನನ್ನ ಅಕ್ಷರದಲ್ಲಿ. ಐದು ವಾರ ನಾವು ಅದಕ್ಕೆ ಹೂವಿಟ್ಟು, ದೀಪ ಹಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬೇಡಿಕೊಂಡಿದ್ದೆವು.

ಯಾರದು ಇದು, ಎಂದು ಮಿಚಿಕೊ ಕೇಳಿದರು.

ಅತ್ತೆಗೆ ಇಂಗ್ಲಿಷ್ ಬಾರದು. ಆದರೆ ಮುಖಗಳನ್ನು ಓದುವುದು ಬರುತ್ತಿತ್ತು. ಆ ನಂಬರಿನ ಮೇಲೆ ಒಂದು ಸಲ ಕಣ್ಣಾಡಿಸಿದರು, ನನ್ನ ಹೊಟ್ಟೆಯ ಮೇಲೆ ಒಂದು ಸಲ. ಆಮೇಲೆ ತಟ್ಟೆಯನ್ನು ಕೆಳಗಿಟ್ಟು ಶಾಂತವಾಗಿ ಹೇಳಿದರು:

"ನಂದು ಅಂತ ಹೇಳು."

ನಾನು ಸೋಫಾದಲ್ಲಿ ಎದ್ದು ಕೂತೆ.

"ಹೇಳು ಸುಮಾ. ಬಾಯಿ ಬಿಟ್ಟು ಹೇಳು ಅವರಿಗೆ. ಈ ಚೀಟಿ ನಮ್ಮತ್ತೇದು ಅಂತ."

ಹೇಳಿದೆ. ಇಂಗ್ಲಿಷಿನಲ್ಲಿ, ಮೂರೇ ಮಾತಿನಲ್ಲಿ. ಇಷ್ಟು ವರ್ಷಗಳಲ್ಲಿ ಆ ಮೂರು ಮಾತನ್ನು ಎಷ್ಟು ಸಲ ವಾಪಸು ತೆಗೆದುಕೊಂಡಿದ್ದೇನೋ ಲೆಕ್ಕವಿಲ್ಲ. ಆದರೆ ಅವತ್ತು ಹೇಳುವಾಗ ನಾಲಿಗೆ ತಡವರಿಸಲಿಲ್ಲ ಎಂಬುದೂ ನಿಜ. ಮಿಚಿಕೊ ಎರಡೂ ಕೈಗಳಿಂದ ಚೀಟಿಯನ್ನು ಅತ್ತೆಗೆ ಕೊಟ್ಟರು. ಅತ್ತೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅವರಿಗೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದರು.

ಮರುದಿನ ಅತ್ತೆ ಸ್ನಾನಕ್ಕೆ ಹೋದಾಗ ನಾನು ಕೆಳಗಿಳಿದು ಮಿಚಿಕೊ ಅವರ ಬಾಗಿಲು ತಟ್ಟಿದೆ. ಆ ಚೀಟಿಯಲ್ಲಿ ಕಾಯಿಲೆ, ಪ್ರಯಾಣ, ಹೆರಿಗೆ ಎಂದು ಬೇರೆ ಬೇರೆ ಸಾಲುಗಳಿರುತ್ತವೆ ಎಂದು ಅವರೇ ಹೇಳಿದ್ದರು. ಹೆರಿಗೆಯ ಸಾಲಿನಲ್ಲಿ ಏನಿತ್ತು ಎಂದು ಕೇಳಿದೆ. ನಿಮ್ಮ ಅತ್ತೆಗೆ ಆ ಸಾಲಿನಿಂದ ಏನಾಗಬೇಕು ಎಂದರು ಅವರು. ಹತ್ತಿ ಬಂದು ಮಲಗಿಕೊಂಡೆ. ಆ ಸಾಲಿನಲ್ಲಿ ಏನಿತ್ತೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ರಕ್ತ ನಿಂತಿತು. ಆ ವಾರದಲ್ಲೇ. ಡಾಕ್ಟರಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ, ಮಾಸು ಮೇಲೆ ಸರಿಯುವುದು ಸಾಮಾನ್ಯ ಎಂದರು. ಕಪಾಟಿನ ದೀಪ ಆರದೆ ಉರಿಯತೊಡಗಿತು. ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಅದರ ಜೊತೆಗೇ ಒಂದು ಭಯ ಒಳಗೆ ಬಂದು ಕೂತಿತು, ಏಕೆಂದರೆ ಈಗ ಆ ಧೂಪದ ವಾಸನೆ ಅತ್ತೆಯ ಸೀರೆಯಿಂದ ಬರುತ್ತಿತ್ತು.

ನವೆಂಬರಿನ ಮಳೆ ಹಿಡಿಯಿತು. ಇಲ್ಲಿಯ ಮಳೆ ಗೊತ್ತಲ್ಲ, ಸುರಿದು ಮುಗಿಯುವುದಿಲ್ಲ, ಸುಮ್ಮನೆ ಇರುತ್ತದೆ. ನಾಲ್ಕೂವರೆಗೆ ಕತ್ತಲೆ. ಶ್ರೀಧರ ಆಫೀಸಿನಿಂದ ಬರುವವರೆಗೆ ನಾವಿಬ್ಬರೇ. ನಾನು ಕೋಣೆಯಲ್ಲಿ ಮಲಗಿ, ಅತ್ತೆ ಅಡುಗೆಮನೆಯಲ್ಲಿ. ಒಂದು ಮಧ್ಯಾಹ್ನ ಅವರು "ಬಂದೆ" ಎಂದದ್ದು ಕೇಳಿಸಿತು. ನಾನು ಕರೆದಿರಲಿಲ್ಲ. ಫೋನಿರಬೇಕು ಎಂದುಕೊಂಡೆ. ಮರುದಿನ ಮತ್ತೆ ಅದೇ ಹೊತ್ತಿಗೆ, ಸ್ವಲ್ಪ ಗಟ್ಟಿಯಾಗಿ, ಬಂದೆ ಬಂದೆ ಎಂದರು. ಆಮೇಲೆ ಹಿಂಬಾಗಿಲು ಸರಿಸಿದ ಸದ್ದು. ಎದ್ದು ಹೋಗಿ ನೋಡಿದರೆ ಬಾಲ್ಕನಿಯಲ್ಲಿ ಮಳೆಯ ಎರಚಲಿಗೆ ನಿಂತಿದ್ದಾರೆ. ಕೆಳಗೆ ಬೇಲಿಯ ಹತ್ತಿರ ಒಂದು ಕಯೋಟಿ ನಿಂತು ಕತ್ತೆತ್ತಿ ನೋಡುತ್ತಿತ್ತು. ನರಿಯ ಜಾತಿಯ ಈ ಪ್ರಾಣಿಗಳು ಅಲ್ಲಿ ಮಾಮೂಲು, ಕಸದ ಡಬ್ಬಿಗೆ ಬರುತ್ತವೆ. ನನ್ನನ್ನು ಕಂಡು ಅದು ಓಡಲಿಲ್ಲ, ನಿಧಾನವಾಗಿ ತಿರುಗಿ ಕಾಡಿನೊಳಗೆ ಹೋಯಿತು.

"ಯಾರು ಕರೆದ್ರು ಅತ್ತೆ?" ಎಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನಿನ್ನ ಕರೀತಿದ್ರು. ನೀನು ಮಲಗಿದ್ಯಲ್ಲ, ನಾನು ಓಗೊಟ್ಟೆ" ಎಂದರು. ಹಾಲಿನವನು ಬಂದಿದ್ದ ಎನ್ನುವಷ್ಟು ಸಲೀಸಾಗಿ ಹೇಳಿ, ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದರು.

ಡಿಸೆಂಬರಿನ ಕೊನೆಯಲ್ಲಿ ಒಗೆದ ಬಟ್ಟೆ ಇಡಲು ಅವರ ಸೂಟ್‌ಕೇಸು ತೆರೆದೆ. ಸೀರೆಗಳ ನಡುವೆ ಚೀಟಿ ಇತ್ತು. ಹೊಟೇಲಿನ ನಂಬರನ್ನು ನೀಟಾಗಿ ಒಂದು ಗೆರೆಯಿಂದ ಹೊಡೆದುಹಾಕಿ, ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ ಗೋತ್ರ, ನಕ್ಷತ್ರ, ರಾಶಿ, ಜಯಮ್ಮ ಎಂದು ಬರೆದಿದ್ದರು. ಅರ್ಚನೆ ಮಾಡಿಸುವಾಗ ಪುರೋಹಿತರಿಗೆ ಬರೆದುಕೊಡುತ್ತೇವಲ್ಲ, ತಪ್ಪಿ ಬೇರೆಯವರಿಗೆ ಹೋಗದಿರಲಿ ಎಂದು, ಹಾಗೆ. ನಾನು ಅಲ್ಲೇ ನೆಲದ ಮೇಲೆ ಕೂತೆ. ಹೊಟ್ಟೆಯೊಳಗೆ ಮಗು ಒದೆಯಿತು. ಚೀಟಿಯನ್ನು ಇದ್ದ ಮಡಿಕೆಯಲ್ಲೇ ಇಟ್ಟು ಸೂಟ್‌ಕೇಸು ಮುಚ್ಚಿದೆ.

ಜನವರಿಯಲ್ಲಿ ಮಗಳು ಹುಟ್ಟಿದಳು, ದಿನ ತುಂಬಿ, ಮೂರು ಕೆಜಿ ತೂಗಿ. ಅತ್ತೆ ಮೂರು ತಿಂಗಳು ಎಣ್ಣೆನೀರು, ಸಾಂಬ್ರಾಣಿ, ಮೆಣಸಿನ ಸಾರು ಎಂದು ಪಟ್ಟಾಗಿ ಬಾಣಂತನ ಮಾಡಿದರು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುವಾಗ ಮಾತ್ರ ಮುಂಚಿನ ಅತ್ತೆಯಾಗಿರುತ್ತಿದ್ದರು. ಉಳಿದ ಹೊತ್ತು ಕಿವಿ ಬೇರೆಲ್ಲೋ ಇರುತ್ತಿತ್ತು. ಸಣ್ಣಗಾಗಿದ್ದರು. ಶ್ರೀಧರ ಬಲವಂತ ಮಾಡಿ ಚೆಕಪ್ ಮಾಡಿಸಿದ. ಎಲ್ಲ ಸರಿಯಾಗಿದೆ ಎಂದರು.

ಮಾರ್ಚಿನಲ್ಲಿ ಮಿಚಿಕೊ ಬಾಗಿಲಿಗೆ ಬಂದರು, ಕೋಟು ಹಾಕಿ, ಪ್ರಯಾಣದ ಚೀಲ ಹಿಡಿದು. ಅಕ್ಕನನ್ನು ನೋಡಲು ಜಪಾನಿಗೆ ಹೊರಟಿದ್ದರು, ಕ್ಯೋಟೊ ಹತ್ತಿರವೇ. ಆ ಚೀಟಿ ಇನ್ನೂ ಇದ್ದರೆ ಕೊಡಿ, ಆ ಗುಡಿಯಲ್ಲೇ ಕಟ್ಟಿ ಬರುತ್ತೇನೆ, ಅಲ್ಲಿಗೆ ಮುಗಿಯುತ್ತದೆ ಎಂದರು. ಆಮೇಲೆ ನನ್ನ ಕಣ್ಣನ್ನೇ ನೋಡುತ್ತ ಇನ್ನೊಂದು ಮಾತು ಸೇರಿಸಿದರು. ಕಟ್ಟುವಾಗ ಯಾರ ಹೆಸರಿಗೆ ಬಂದ ಚೀಟಿಯೋ ಅವರ ನಿಜವಾದ ಹೆಸರು ಹೇಳಿ ಬೇಡಿಕೊಳ್ಳಬೇಕೆಂದು ತಮ್ಮ ಅಜ್ಜಿ ಹೇಳುತ್ತಿದ್ದರು ಎಂದರು.

ನಾನು ಅತ್ತೆಗೆ ಹೇಳಿದೆ, ಹೆಸರಿನ ಮಾತೊಂದನ್ನು ಬಿಟ್ಟು. ಅವರು ಮಗುವಿಗೆ ಕಾಡಿಗೆ ಹಚ್ಚುತ್ತ ಕೂತಿದ್ದರು.

"ಬೇಡ ಬಿಡು. ಹೋಗಿ ಮತ್ತೆ ಯಾರನ್ನ ಹುಡುಕುತ್ತೋ. ನನ್ನ ಹತ್ರ ಇದ್ರೆ ಎಲ್ಲಿದೆ ಅಂತ ಗೊತ್ತಿರುತ್ತೆ."

ಆ ಹೊತ್ತಿನಲ್ಲಿ ನಾನು ಸೂಟ್‌ಕೇಸಿನಿಂದ ಚೀಟಿ ತೆಗೆದು, ಇದು ನನ್ನದು, ನನ್ನ ಹೆಸರು ಸುಮಾ ಎಂದು ಮಿಚಿಕೊ ಅವರ ಕೈಗಿಡಬಹುದಿತ್ತು. ಹತ್ತು ಹೆಜ್ಜೆ. ಕೆಳಗೆ ಅವರ ಟ್ಯಾಕ್ಸಿ ಕಾಯುತ್ತಿತ್ತು, ಆದರೆ ಅವರು ಅವಸರ ಮಾಡಲಿಲ್ಲ. ನಾನು ಮಗುವನ್ನು ನೋಡಿದೆ. ನನ್ನ ಹೆಸರು ಹೇಳಿದರೆ ಅದು ತಂತಿಗೆ ಹೋಗುತ್ತದೋ, ತೊಟ್ಟಿಲಿಗೆ ಬರುತ್ತದೋ ಯಾರಿಗೆ ಗೊತ್ತು? ಏನನ್ನೂ ನಂಬದ ನಾನು ಅವತ್ತು ಅಷ್ಟನ್ನೂ ನಂಬಿದೆ. ಚೀಟಿ ಕಳೆದುಹೋಗಿದೆ ಎಂದು ಹೇಳಿ, ಒಳ್ಳೆಯ ಪ್ರಯಾಣವಾಗಲಿ ಎಂದು ಹಾರೈಸಿ ಬಾಗಿಲು ಹಾಕಿದೆ.

ಏಪ್ರಿಲಿನಲ್ಲಿ ಅತ್ತೆ ಮೈಸೂರಿಗೆ ಹೋದರು. ಅವರು ಹೋದ ದಿನ ಕಪಾಟು ತೆರೆದರೆ ಬರೀ ಒಗೆದ ಟವೆಲಿನ ವಾಸನೆಯಿತ್ತು.

ಶ್ರಾವಣದ ಒಂದು ಶುಕ್ರವಾರ, ನಮ್ಮಲ್ಲಿ ಸಂಜೆ ಆರರ ಹೊತ್ತು, ಹೊರಗೆ ಇನ್ನೂ ನಿಚ್ಚಳ ಬಿಸಿಲು. ಮೈದುನನ ಫೋನು ಬಂತು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಅತ್ತೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿಗೆ ಚುಕ್ಕಿಯಿಡಲು ಕೂತವರು ಹಾಗೇ ಪಕ್ಕಕ್ಕೆ ಒರಗಿದ್ದರಂತೆ. ಶ್ರೀಧರ ಫೋನು ಹಿಡಿದುಕೊಂಡೇ ಗೋಡೆಗೆ ಕುಸಿದು ಅಮ್ಮ ಅಮ್ಮ ಎಂದು ಅಳುತ್ತಿದ್ದ. ನಾನು ಅವನ ಹತ್ತಿರ ಹೋಗಲಿಲ್ಲ. ಕೋಣೆಗೆ ಓಡಿ, ನಿದ್ದೆ ಮಾಡುತ್ತಿದ್ದ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದೆ. ಬೆಚ್ಚಗಿನ ಉಸಿರು ಬಂತು, ಹೋಯಿತು, ಮತ್ತೆ ಬಂತು.

"ಸದ್ಯ, ಮುಗೀತು" ಎಂದೆ.

ಗಟ್ಟಿಯಾಗಿಯೇ ಅಂದಿರಬೇಕು. ತಿರುಗಿದರೆ ಬಾಗಿಲಲ್ಲಿ ಶ್ರೀಧರ ನಿಂತಿದ್ದ, ಮುಖವೆಲ್ಲ ಒದ್ದೆ. ಏನಂದೆ ಎಂದು ಕೇಳಿದ.

ಮಗು ಮಲಗಿದೆ ಅಂದೆ, ಎಂದು ಹೇಳಿದೆ.